ಮೂರು ಊರುಗಳ ಓದು

ಮನೆಯಲ್ಲಿ ನಾಲ್ಕು ವರ್ಷದ ಮಗುವೊಂದಿದ್ದರೆ ಸಾಕು, ಬಂದವರೆಲ್ಲರೂ ಉಪಾಧ್ಯಾಯರಾಗಿಬಿಡುತ್ತಾರೆ. ಕೆಮ್ಮಿಗೆ ಕಷಾಯ ಹೇಳುವಷ್ಟೇ ಸಲೀಸಾಗಿ ಓದು ಕಲಿಸುವ ಉಪಾಯವನ್ನೂ ಹೇಳಿ, ಕಾಫಿ ಕುಡಿದು ಎದ್ದುಹೋಗುತ್ತಾರೆ. ಒಬ್ಬರು ಗೋಡೆಗೆ ಅಕ್ಷರದ ಪಟ ತೂಗುಹಾಕಿ ಎನ್ನುವರು; ಇನ್ನೊಬ್ಬರು ಅದನ್ನು ಮೊದಲು ತೆಗೆಯಿರಿ ಎನ್ನುವರು. ಮಗು ಯಾರ ಮಾತನ್ನೂ ಕೇಳದೆ ಬಿಸ್ಕತ್ತು ತಿನ್ನುತ್ತಿರುತ್ತದೆ. ಕೇಳಿ ಕಂಗಾಲಾಗುವವಳು ತಾಯಿ.

ಕೊಳ್ಳೇಗಾಲದ ಒಂದು ಮನೆಯಲ್ಲಿ ಈ ಕಂಗಾಲು ಸುಮಾರು ಆರು ತಿಂಗಳ ಕಾಲ ನಡೆಯಿತು. ಆ ಮನೆಯ ಯಜಮಾನರು ಬ್ಯಾಂಕಿನಲ್ಲಿ ಕೆಲಸದಲ್ಲಿರುವವರು. ಅವರ ತಾಯಿ ಎಪ್ಪತ್ತು ದಾಟಿದವರು, ಯಳಂದೂರಿನ ಮಗಳು. ಅಕ್ಕ ಹನೂರಿನ ಕಡೆಯ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯಿನಿ. ಮೂರು ಊರುಗಳೂ ಒಂದಕ್ಕೊಂದು ಬಸ್ಸಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಆದರೆ ಮಗುವಿಗೆ ಓದು ಕಲಿಸುವ ವಿಷಯದಲ್ಲಿ ಮೂರಕ್ಕೂ ಮೂರು ದಿಕ್ಕು.

ವಿಜಯದಶಮಿಯ ದಿನ ಅಜ್ಜಿ ಮೊಮ್ಮಗಳಿಗೆ ಅಕ್ಷರಾಭ್ಯಾಸ ಮಾಡಿಸಿದರು. ಮೊದಲು ಅಕ್ಕಿಯ ಮೇಲೆ. ಮಾರನೆಯ ದಿನದಿಂದ ಹಿತ್ತಾಳೆಯ ತಟ್ಟೆಯಲ್ಲಿ ಜರಡಿ ಹಿಡಿದ ಸಣ್ಣ ಮರಳಿನ ಮೇಲೆ. ಮಗುವಿನ ಬೆರಳನ್ನು ತಮ್ಮ ಬೆರಳಿನೊಳಗಿಟ್ಟುಕೊಂಡು 'ಅ' ಎಂದು ತಿದ್ದಿಸುವರು, ತಟ್ಟೆಯನ್ನು ಅಲುಗಿಸಿದರೆ ಅಕ್ಷರ ಮಾಯ, ಮತ್ತೆ 'ಅ'. ಅಜ್ಜಿಗೆ ಈ ವಿದ್ಯೆ ಅವರ ತಂದೆಯಿಂದ ಬಂದದ್ದು. ನಾಲ್ಕನೆಯ ತರಗತಿಗೆ ಅವರನ್ನು ಶಾಲೆ ಬಿಡಿಸಿದ್ದರು. ಬಿಡಿಸಿದರೇನಾಯಿತು, ಓದನ್ನು ಬಿಡಿಸಲು ಆಗಲಿಲ್ಲ. ಅಂದಿನಿಂದ ಇಂದಿನವರೆಗೆ ವಾರಪತ್ರಿಕೆಯ ಧಾರಾವಾಹಿ ಒಂದನ್ನೂ ಅವರು ತಪ್ಪಿಸಿದವರಲ್ಲ. ತಮ್ಮ ಊರಿನ ಸಂಚಿಯ ಹೊನ್ನಮ್ಮನ ಮಾತು ಬಂದರೆ ಅವರ ಕುತ್ತಿಗೆ ಸ್ವಲ್ಪ ನೆಟ್ಟಗಾಗುತ್ತದೆ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಯಳಂದೂರಿನ ಹೆಣ್ಣುಮಗಳು 'ಹದಿಬದೆಯ ಧರ್ಮ' ಎಂಬ ಕಾವ್ಯವನ್ನೇ ಬರೆದಳಲ್ಲ! ಅಕ್ಷರ ಬಂದರೆ ಸಾಕು, ಮಿಕ್ಕದ್ದು ತಾನಾಗಿ ಬರುತ್ತದೆ ಎಂಬುದು ಅಜ್ಜಿಯ ನಂಬಿಕೆ.

ಈ ಮರಳಿನ ತಟ್ಟೆಗೆ ದೊಡ್ಡ ಚರಿತ್ರೆಯೇ ಇದೆ. ಅಜ್ಜಿ ಅಕ್ಷರ ಕಲಿತ ಯಳಂದೂರು ಮೈಸೂರು ಸೀಮೆಯದು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರು. ಅವರ ಪತಿ ಅಕ್ಷರ ಕಲಿತ ಕೊಳ್ಳೇಗಾಲವಾದರೋ ಆಗ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. ಎರಡು ಊರುಗಳ ನಡುವೆ ರಾಜ್ಯದ ಗಡಿಯೇ ಹಾದುಹೋಗಿದ್ದರೂ ಎರಡು ಕಡೆಯ ಮಕ್ಕಳೂ ಬೆರಳು ಸವೆಸಿದ್ದು ಮರಳಿನ ಮೇಲೆಯೇ. ಅದಕ್ಕೂ ಹಿಂದೆ, 1789ರಲ್ಲಿ ಮದ್ರಾಸಿನ ಎಗ್ಮೋರಿನಲ್ಲಿದ್ದ ಸೈನಿಕರ ಅನಾಥ ಬಾಲಕರ ಶಾಲೆಗೆ ಮೇಲ್ವಿಚಾರಕನಾಗಿ ಬಂದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ಅಲ್ಲಿನ ಜಗಲಿಯ ಮಠದಲ್ಲಿ ಮಕ್ಕಳು ಮರಳಿನಲ್ಲಿ ಬೆರಳಾಡಿಸಿ ಅಕ್ಷರ ಕಲಿಯುವುದನ್ನು ಕಂಡು ಬೆರಗಾದನು. ಕೂಡಲೆ ತನ್ನ ಶಾಲೆಯಲ್ಲಿಯೂ ಅದನ್ನು ತಂದನು. 1797ರಲ್ಲಿ ಲಂಡನ್ನಿನಲ್ಲಿ ಆ ಪ್ರಯೋಗದ ಪುಸ್ತಕವೂ ಹೊರಬಂದಿತು. ಇಂಗ್ಲೆಂಡಿನ ಬಡ ಮಕ್ಕಳು 'ಮದ್ರಾಸ್ ಪದ್ಧತಿ' ಎಂಬ ಹೆಸರಿನಲ್ಲಿ ಮರಳಿನ ಮೇಲೆ ಬರೆಯತೊಡಗಿದರು. ಹಳೆಯ ಜಗಲಿಯ ಪಾಠ ಹೀಗೆ ಸಮುದ್ರ ದಾಟಿತು.

ಆದರೆ ಕೊಳ್ಳೇಗಾಲದ ಮನೆಯಲ್ಲಿ ಅದು ಮೂರು ತಿಂಗಳೂ ನಿಲ್ಲಲಿಲ್ಲ.

ಮಗುವನ್ನು ಜೂನ್ ತಿಂಗಳಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸುವುದೆಂದು ತಂದೆ ನಿಶ್ಚಯಿಸಿದ್ದರು. ಅಷ್ಟರೊಳಗೆ ಅವಳಿಗೆ ಓದು ಬಂದಿರಬೇಕು ಎಂಬುದು ಅವರ ಹಟ. ಸಂಜೆ ಬ್ಯಾಂಕಿನಿಂದ ಬಂದವರೇ ಮೊಬೈಲ್ ಫೋನನ್ನು ತೆರೆದು, ಇಂಗ್ಲಿಷ್ ಅಕ್ಷರಗಳ ಧ್ವನಿಯನ್ನು ಒಂದೊಂದಾಗಿ ಕೂಡಿಸುವ ಪಾಠವನ್ನು ಹಚ್ಚುವರು. ಮಗು 'ಕ್ಯಾ-ಟ್, ಕ್ಯಾಟ್' ಎಂದು ಹೇಳುವುದೇನೋ ಸರಿ. ಆದರೆ ಆ ಮನೆಯ ಹಿತ್ತಲಿಗೆ ಬರುವ ಪ್ರಾಣಿ ಬೆಕ್ಕು. ಕ್ಯಾಟ್ ಎಂಬುದು ಅಲ್ಲಿಗೆ ಒಂದು ದಿನವೂ ಬಂದದ್ದಿಲ್ಲ. ತಾಯಿ ಇದನ್ನು ನೋಡಿ ತಾನೇ ಒಂದು ದಾರಿ ಹುಡುಕಿದಳು. ರಟ್ಟಿನ ತುಂಡುಗಳ ಮೇಲೆ ಒಂದು ಕಡೆ ಚಿತ್ರ, ಇನ್ನೊಂದು ಕಡೆ ಪೂರ್ತಿ ಪದ: ಕಮಲ, ಬಾಳೆ, ಹಸು, ಬಸ್ಸು. ಮಗು ಒಂದು ವಾರದಲ್ಲಿ ಇಪ್ಪತ್ತು ರಟ್ಟುಗಳನ್ನು ಪಟಪಟನೆ ಹೇಳತೊಡಗಿದಳು. ತಾಯಿಗೆ ಪರಮ ಸಂತೋಷ.

ಅತ್ತ ಅಜ್ಜಿಯ ಮರಳು ಕಾಗುಣಿತಕ್ಕೆ ಬಂದು ಕುಳಿತಿದ್ದಿತು. 'ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ' ಎಂದು ಮಗು ಹಾಡಿನಂತೆ ಹೇಳುವಳು. ಆದರೆ ನಡುವಿನಿಂದ 'ಕು' ಒಂದನ್ನೇ ತೋರಿಸಿದರೆ ಮೊದಲಿನಿಂದ ಹಾಡಿಕೊಂಡು ಬಂದೇ ಅಲ್ಲಿಗೆ ತಲುಪಬೇಕು. ಒಂದು ಸಂಜೆ ಅರ್ಧ ದಾರಿಯಲ್ಲಿ ಹಾಡು ಮರೆತುಹೋಗಿ ಮಗು ಅತ್ತಿತು, ತಟ್ಟೆಯನ್ನು ತಳ್ಳಿತು, ಮರಳೆಲ್ಲ ನಡುಮನೆಯ ತುಂಬ ಚೆಲ್ಲಿತು.

"ಇದೆಲ್ಲ ಅಮ್ಮನ ಕಾಲದ ಪಾಠ. ಮಗುವಿನ ತಲೆಗೆ ಸುಮ್ಮನೆ ಹೊರೆ," ಎಂದು ತಂದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿಗೆ ಹೇಳಿದರು. ಮೆಲ್ಲಗೇ ಹೇಳಿದರು. ಆದರೆ ಹಳೆಯ ಮನೆ. ಗೋಡೆಗಳಿಗೆ ಗುಟ್ಟು ನಿಲ್ಲದು.

ಮಾರನೆಯ ದಿನ ತಟ್ಟೆ ಅಟ್ಟ ಸೇರಿತ್ತು. ಅಜ್ಜಿ ಒಂದು ಮಾತನ್ನೂ ಆಡಲಿಲ್ಲ. ಅಷ್ಟೇ ಆಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲವೇನೋ. ಆ ಮನೆಯಲ್ಲಿ ಇನ್ನೊಂದು ಪದ್ಧತಿ ಇದ್ದಿತು. ವಾರಪತ್ರಿಕೆ ಬಂದ ಮಧ್ಯಾಹ್ನ ಅಜ್ಜಿ ಧಾರಾವಾಹಿಯನ್ನು ಗಟ್ಟಿಯಾಗಿ ಓದುವರು. ಸೊಸೆ ತರಕಾರಿ ಹೆಚ್ಚುತ್ತ ಕೇಳುವಳು. ಮಗು ಅಜ್ಜಿಯ ತೊಡೆಗೆ ಒರಗಿ, ಅರ್ಥವಾದಷ್ಟು ಕೇಳಿ, ಆಗದಿದ್ದಾಗ ಚಿತ್ರ ನೋಡುವಳು. ಆ ವಾರ ಅಜ್ಜಿ ಪತ್ರಿಕೆಯನ್ನು ಮುಟ್ಟಲಿಲ್ಲ. ಸೊಸೆ ಕೇಳಿದರೆ, "ಕಣ್ಣು ಮಂಜು ಮಂಜು ಕಣಮ್ಮ, ನೀನೇ ಓದಿಕೋ," ಎಂದರು. ಮುಂದಿನ ವಾರವೂ ಅಷ್ಟೆ. ಮಗು ಪತ್ರಿಕೆಯನ್ನು ಎರಡು ಕೈಯಲ್ಲಿ ಹಿಡಿದು ಅಜ್ಜಿಯ ಮುಂದೆ ನಿಂತು, ಸ್ವಲ್ಪ ಹೊತ್ತು ಕಾದು, ಹೊರಟುಹೋಯಿತು. ಯಾವ ಪದ್ಧತಿ ಸರಿ ಎಂಬ ಪ್ರಶ್ನೆ ಅಲ್ಲಿಗೆ ಬರಿಯ ಪಾಠದ ಪ್ರಶ್ನೆಯಾಗಿ ಉಳಿಯಲಿಲ್ಲ. ಓದುವ ಮನೆಯೊಂದು ಓದನ್ನು ಕಲಿಸಹೊರಟು ಓದುವುದನ್ನೇ ನಿಲ್ಲಿಸಿತ್ತು.

ಬೇಸಿಗೆಯ ರಜಕ್ಕೆ ಹನೂರಿನಿಂದ ಸೋದರತ್ತೆ ಬಂದಳು. ತಾಯಿ ತನ್ನ ಇಪ್ಪತ್ತು ರಟ್ಟುಗಳನ್ನು ಹೆಮ್ಮೆಯಿಂದ ಮುಂದಿಟ್ಟಳು. ಮಗು ಎಲ್ಲವನ್ನೂ ಹೇಳಿತು. ಅದಕ್ಕೂ ಮಿಗಿಲಾಗಿ ಧಾರಾವಾಹಿಯ ಕೊನೆಯಲ್ಲಿ ಅಚ್ಚಾಗಿದ್ದ 'ಮುಂದುವರಿಯುವುದು' ಎಂಬ ಉದ್ದನೆಯ ಪದವನ್ನೇ ಬೆರಳಿಟ್ಟು ಓದಿತು! ಸೋದರತ್ತೆ ನಕ್ಕಳು. ಬೆರಳಿನಿಂದ ಪದದ ಹಿಂಭಾಗವನ್ನೆಲ್ಲ ಮುಚ್ಚಿ 'ಮುಂದು' ಎಂಬಷ್ಟನ್ನೇ ಬಿಟ್ಟು, "ಇದೇನು, ಪುಟ್ಟಿ?" ಎಂದಳು. "ಮುಂದುವರಿಯುವುದು," ಎಂದಿತು ಮಗು. ರಟ್ಟಿನ 'ಕಮಲ'ದ 'ಮ'ವನ್ನೂ 'ಲ'ವನ್ನೂ ಬೇರೆ ಕಾಗದದ ಮೇಲೆ ಬರೆದು ತೋರಿಸಿದರೆ ಮಗು ತಾಯಿಯ ಮುಖ ನೋಡಿತು.

"ಅತ್ತಿಗೆ, ಹಾಗಾದರೆ ಇವಳಿಗೆ ಏನೂ ಬಂದಿಲ್ಲವೆ?" ಎಂದಳು ತಾಯಿ, ಅಳು ಬರುವಂತಾಗಿ.

"ಬಂದಿದೆ, ಬಹಳ ಬಂದಿದೆ. ಒಂದೊಂದು ಒಂದೊಂದು ಕಡೆ ಕುಳಿತಿದೆ, ಅಷ್ಟೆ. ಓದುವುದೆಂದರೆ ಹಿಂದೆ ಎಂದೂ ನೋಡದ ಪದವನ್ನು ಓದುವುದು. ಅದೊಂದು ಬಾಕಿ ಇದೆ," ಎಂದಳು ಸೋದರತ್ತೆ.

ಇದು ಕೊಳ್ಳೇಗಾಲದ ಒಂದು ಮನೆಯ ತೊಡಕು ಮಾತ್ರವಲ್ಲ. ಪದವನ್ನು ಇಡಿಯಾಗಿ ನೋಡಿ ಗುರುತಿಸಬೇಕೋ, ಧ್ವನಿಗಳನ್ನು ಕೂಡಿಸಿ ಓದಬೇಕೋ ಎಂದು ಅಮೆರಿಕದಲ್ಲಿ ದಶಕಗಳ ಕಾಲ ದೊಡ್ಡ ವಾಗ್ಯುದ್ಧವೇ ನಡೆಯಿತು. 1955ರಲ್ಲಿ ರುಡಾಲ್ಫ್ ಫ್ಲೆಶ್ ಎಂಬಾತ ಇಡಿಪದದ ಪಾಠವನ್ನು ಖಂಡಿಸಿ ಬರೆದ ಪುಸ್ತಕ ಮನೆಮನೆಯ ಮಾತಾಯಿತು. 2000ದಲ್ಲಿ ಅಲ್ಲಿನ ರಾಷ್ಟ್ರೀಯ ಸಮಿತಿಯೊಂದು ಧ್ವನಿಗಳನ್ನು ಕ್ರಮವಾಗಿ ಕಲಿಸುವುದೇ ಲಾಭಕರವೆಂದು ವರದಿ ಕೊಟ್ಟಿತು. ಆದರೆ ಅದು ಇಂಗ್ಲಿಷಿನ ಜಗಳ. ಅಲ್ಲಿ 26 ಅಕ್ಷರಗಳು ನಲವತ್ತಕ್ಕೂ ಹೆಚ್ಚು ಧ್ವನಿಗಳ ಹೊರೆ ಹೊರಬೇಕು. ಬರೆದಂತೆ ನುಡಿಯುವುದಿಲ್ಲ, ನುಡಿದಂತೆ ಬರೆಯುವುದಿಲ್ಲ. ಕನ್ನಡದ ಕಷ್ಟವೇ ಬೇರೆ. ಇಲ್ಲಿ ಅಕ್ಷರ ಕಂಡರೆ ಧ್ವನಿ ಖಚಿತ. ಆದರೆ ಅಕ್ಷರಗಳು ಎಷ್ಟು! 34 ವ್ಯಂಜನಗಳಿಗೆ ಕಾಗುಣಿತದ 15 ರೂಪಗಳೆಂದರೆ 510 ಆಯಿತು. ಅದರ ಮೇಲೆ ಒತ್ತಕ್ಷರಗಳ ಸೈನ್ಯ. ಬೆಂಗಳೂರಿನ ಮಕ್ಕಳ ಓದನ್ನು ಕುರಿತು ಮನೋವಿಜ್ಞಾನಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ: ಕನ್ನಡದ ಅಕ್ಷರಗಳೆಲ್ಲವೂ ಕೈವಶವಾಗುವುದು ಒಂದೆರಡು ವರ್ಷದ ಮಾತಲ್ಲ, ಪ್ರಾಥಮಿಕ ತರಗತಿಗಳ ಉದ್ದಕ್ಕೂ ನಿಧಾನವಾಗಿ ನಡೆಯುವ ಕೆಲಸ. ನಾಲ್ಕೂವರೆ ವರ್ಷದ ಮಗು 'ಕೃ' ಎಂಬಲ್ಲಿ ತಡವರಿಸಿದರೆ ಅದು ಮಗುವಿನ ದಡ್ಡತನವಲ್ಲ. ಕಲಿಸಿದ ಅಜ್ಜಿಯ ದೋಷವೂ ಅಲ್ಲ.

ಸೋದರತ್ತೆ ಕಲಿಸುವುದು ನಲಿ-ಕಲಿ ಪದ್ಧತಿಯಲ್ಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾಗಿ, 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ ಪದ್ಧತಿ ಅದು. ಆಂಧ್ರದ ಋಷಿವ್ಯಾಲಿಯ ಶಾಲೆಗಳನ್ನು ಕಂಡುಬಂದ ಉಪಾಧ್ಯಾಯರೇ ಅದನ್ನು ಕಟ್ಟಿದರು. ಅದರಲ್ಲಿ ಮಗು ವರ್ಣಮಾಲೆಯ ಸಾಲು ಹಿಡಿದು ಹೋಗುವುದಿಲ್ಲ. ಮೊದಲು ಐದೇ ಅಕ್ಷರ: ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ.

"ಇದೇನು ಕ್ರಮ? ತಲೆಯಿಲ್ಲ, ಬಾಲವಿಲ್ಲ!" ಎಂದು ಮೂಲೆಯಲ್ಲಿ ಕುಳಿತಿದ್ದ ಅಜ್ಜಿ ಮೊದಲ ಸಲ ಬಾಯಿ ತೆರೆದರು.

"ಅಮ್ಮ, ನೀನೇ ನೋಡು. ನಿನ್ನ ಸಾಲಿನಲ್ಲಿ ಮಗು ಸ್ವರವೆಲ್ಲ ಮುಗಿಸಿ ಕ, ಖ, ಗ, ಘ, ಙ ಎನ್ನುವುದರೊಳಗೆ ಎಷ್ಟು ಪದ ಓದಬಹುದು? 'ಙ' ಇರುವ ಒಂದು ಪದವನ್ನು ಈ ಮನೆಯಲ್ಲಿ ಯಾರಾದರೂ ದಿನವೂ ಬರೆಯುತ್ತಾರೆಯೆ?" ಎಂದು ಸೋದರತ್ತೆ ಕಾಗದದ ಚೂರುಗಳ ಮೇಲೆ ಐದು ಅಕ್ಷರ ಬರೆದು ನೆಲದ ಮೇಲೆ ಹರಡಿದಳು. ಸರ, ರಸ, ಅರಸ, ಅಗಸ, ದಸರ, ಗರಗಸ. ಐದೇ ಅಕ್ಷರಗಳಿಂದ ಆರು ಪದ; ಒಂದಕ್ಕೂ ಇಳಿ, ಗುಡಿಸು, ಕೊಂಬು ಬೇಡ. ಆಕಾರದಲ್ಲಿಯೂ ಆ ಅಕ್ಷರಗಳು ಒಂದನ್ನೊಂದು ಹೋಲುವುದಿಲ್ಲ. ಪ, ಷ, ಫಗಳಂತೆ, ಮ, ವಗಳಂತೆ ಪುಟ್ಟ ಕಣ್ಣನ್ನು ಮೋಸಗೊಳಿಸುವುದಿಲ್ಲ.

ಅಜ್ಜಿ ಸ್ವಲ್ಪ ಹೊತ್ತು ಆ ಚೂರುಗಳನ್ನೇ ನೋಡಿದರು. ಆಮೇಲೆ ಕೈಚಾಚಿ, ಮೊದಲ ಗುಂಪಿನ 'ಸ'ವನ್ನು ಎರಡನೆಯ ಗುಂಪಿನ 'ಬ', 'ವ'ಗಳ ನಡುವೆ ಸರಿಸಿದರು. "ಬಸವ," ಎಂದರು. ಮುಖದಲ್ಲಿ ಸಣ್ಣ ನಗು ಮೂಡಿತು.

"ಹಾಗಾದರೆ ನನ್ನ ಕಾಗುಣಿತ?" ಎಂದರು ಮತ್ತೆ. ಕೇಳಬೇಕೆಂದಿದ್ದ ಪ್ರಶ್ನೆ ಅದೇ ಇರಬೇಕು.

"ಅದಿಲ್ಲದೆ ನಡೆಯುವುದುಂಟೆ? ಒಂದೇ ಅಕ್ಷರದ ಹದಿನೈದು ರೂಪವನ್ನು ಒಟ್ಟಿಗೆ ಹೇಳಿಕೊಡುವ ಬದಲು, ಒಂದೇ ಕೊಂಬನ್ನು ಬಂದಿರುವ ಅಕ್ಷರಕ್ಕೆಲ್ಲ ಹಚ್ಚು: ರು, ಗು, ಸು, ದು. ನಾಲ್ಕು ದಿನ ಕೊಂಬೇ ಇರಲಿ. ಆಮೇಲೆ ಇಳಿ, ಆಮೇಲೆ ಗುಡಿಸು. ಕಡೆಯಲ್ಲಿ ನಿನ್ನ ಹಾಡು ಹೇಳಿಸಿದರೆ ಚೆಲ್ಲಿದ್ದೆಲ್ಲ ಸಾಲಾಗಿ ನಿಲ್ಲುತ್ತದೆ. ಗಂಟಲಿನಿಂದ ತುಟಿಯವರೆಗೆ ಕ, ಚ, ಟ, ತ, ಪ ಎಂದು ಹೊಂದಿಸಿಟ್ಟ ಹಿರಿಯರೇನು ದಡ್ಡರೆ? ಅದು ಧ್ವನಿಯ ಲೆಕ್ಕ, ತಿಳಿದ ಮೇಲೆ ರುಚಿಸುವ ಲೆಕ್ಕ. ಮೊದಲ ದಿನದ ಊಟ ಅದಲ್ಲ. ಮರಳಂತೂ ಬೇಕೇ ಬೇಕು. ಈ ವಯಸ್ಸಿಗೆ ಪೆನ್ಸಿಲ್ ಹಿಡಿಯುವ ಶಕ್ತಿ ಬೆರಳಿಗೆ ಇನ್ನೂ ಬಂದಿಲ್ಲ. ನನಗೆ ಅಕ್ಷರ ತಿದ್ದಿಸಿದ ತಟ್ಟೆ ಎಲ್ಲಿ?"

ಎಲ್ಲರೂ ಸುಮ್ಮನಾದರು. ತಂದೆ ಏನೂ ಹೇಳಲಿಲ್ಲ. ಎದ್ದು, ಏಣಿ ಹಾಕಿ, ಅಟ್ಟದಿಂದ ತಟ್ಟೆಯನ್ನು ಇಳಿಸಿ, ಪಂಚೆಯ ಚುಂಗಿನಿಂದ ಧೂಳು ಒರೆಸಿ ತಾಯಿಯ ಮುಂದೆ ಇಟ್ಟರು.

ಸೋದರತ್ತೆ ಇನ್ನೊಂದು ಮಾತನ್ನೂ ಹೇಳಿದಳು. ಹೇಳಿದ್ದು ತಮ್ಮನನ್ನು ನೋಡಿಯೇ. ಅವಳ ಶಾಲೆಗೆ ಬರುವ ಮಕ್ಕಳಲ್ಲಿ ಮನೆಯಲ್ಲಿ ತಮಿಳಾಡುವವರಿದ್ದಾರೆ, ಸೋಲಿಗರ ನುಡಿಯಾಡುವವರಿದ್ದಾರೆ. ಅಂಥ ಮಗು 'ಗರಗಸ' ಎಂದು ತಪ್ಪಿಲ್ಲದೆ ಓದಬಹುದು. ಗರಗಸವೆಂದರೇನೆಂದು ಕಿವಿಗೆ ಮೊದಲೇ ತಿಳಿಯದಿದ್ದರೆ ಅದು ಓದಿದಂತಾಗಲಿಲ್ಲ, ಬರಿಯ ಸದ್ದು ಮಾಡಿದಂತಾಯಿತು. ಆದುದರಿಂದ ಅವಳು ಮೊದಲು ಮಾತನಾಡಿಸುತ್ತಾಳೆ, ಕಥೆ ಹೇಳುತ್ತಾಳೆ, ವಸ್ತುವನ್ನು ಕೈಗೆ ಕೊಡುತ್ತಾಳೆ, ಆಮೇಲೆ ಅಕ್ಷರ. "ಕನ್ನಡ ಮನೆಯ ಮಗುವಿಗೆ ಇಂಗ್ಲಿಷಿನಿಂದಲೇ ಓದು ಆರಂಭಿಸಿದರೆ, ನನ್ನ ಶಾಲೆಯ ಮಕ್ಕಳಿಗೆ ಬಂದಿರುವ ಕಷ್ಟವನ್ನು ದುಡ್ಡು ಕೊಟ್ಟು ಮನೆಗೆ ತಂದಂತಾಯಿತು. ಇಂಗ್ಲಿಷ್ ಕಲಿಯಲಿ, ಬೇಡವೆಂದವರು ಯಾರು? ಓದುವ ಗುಟ್ಟನ್ನು ಮಾತ್ರ ತಿಳಿದ ಮಾತಿನಲ್ಲಿ ಮೊದಲು ಹಿಡಿಯಲಿ. ಒಮ್ಮೆ ಹಿಡಿದರೆ ಅದು ಇನ್ನೊಂದು ಲಿಪಿಗೂ ಕೈಹಿಡಿಯುತ್ತದೆ."

ಹೀಗೆ ಆ ಮನೆಯಲ್ಲಿ ಯಾವ ಪದ್ಧತಿಯೂ ಗೆಲ್ಲಲಿಲ್ಲ, ಯಾವುದೂ ಸೋಲಲಿಲ್ಲ. ಅಕ್ಷರಗಳ ಸರದಿ ಹನೂರಿನದಾಯಿತು; ಮರಳು ಯಳಂದೂರಿನದು; ರಟ್ಟಿನ ಚೀಟಿಗಳು ಕೊಳ್ಳೇಗಾಲದವು. ರಟ್ಟಿನಲ್ಲಿ ಒಂದೇ ಬದಲಾವಣೆ. ತಾಯಿ ಚಿತ್ರಗಳನ್ನು ಹಾಗೆಯೇ ಉಳಿಸಿಕೊಂಡು, ಪದವನ್ನು ಅಕ್ಷರ ಅಕ್ಷರವಾಗಿ ಕತ್ತರಿಸಿದಳು. ಮಗು ಚಿತ್ರ ನೋಡಿ ಅಕ್ಷರಗಳನ್ನು ಜೋಡಿಸಬೇಕು. ಹೊತ್ತು ಕಾಲು ಗಂಟೆ. ಮಗು ಇನ್ನೂ ಬೇಕು ಎನ್ನುತ್ತಿರುವಾಗಲೇ ಎತ್ತಿಡಬೇಕು. ಸಾಕು ಎನ್ನುವವರೆಗೆ ಎಳೆಯಬಾರದು. ತಂದೆಗೂ ಒಂದು ಪಾಲು ಸಿಕ್ಕಿತು: ಭಾನುವಾರ ಮಗುವನ್ನು ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋಗಿ ಬಸ್ಸುಗಳ ಫಲಕ ತೋರಿಸುವುದು.

ಇದಕ್ಕಿಂತ ಒಳ್ಳೆಯ ಪಾಠದ ಪುಸ್ತಕವನ್ನು ಯಾರೂ ಅಚ್ಚುಹಾಕಿಸಲಾರರು. ಜೂನ್ ತಿಂಗಳ ಒಂದು ಭಾನುವಾರ ಮಗು ಫಲಕದ ಕೆಳಗೆ ನಿಂತು "ಹ... ನೂ... ರು... ಹನೂರು! ಅತ್ತೆಯ ಊರು!" ಎಂದು ಕೂಗಿತು. ಕೊಂಬು, ಕೊಂಬಿನ ದೀರ್ಘ ಎರಡೇ ಸಾಕಾದ ಪದ ಅದು. ದಸರೆಯ ಹೊತ್ತಿಗೆ ಸೊನ್ನೆ ತಿಳಿಯಿತು. ಅಜ್ಜಿಯ ಯಳಂದೂರು ಓದಲು ಬಂದಿತು. ತನ್ನ ಸ್ವಂತ ಊರು ಮಾತ್ರ ಬಹಳ ದಿನ ಸತಾಯಿಸಿತು. ಕೊಳ್ಳೇಗಾಲ! ಮೊದಲು ಓತ್ವ, ಅದರ ಬೆನ್ನಿಗೇ ಒತ್ತು, ಒತ್ತಿನ ಮೇಲೆ ದೀರ್ಘ. ಮಗು 'ಕೊಳೇಗಾಲ' ಎಂದು ಓದಿ, ಕಿವಿಗೆ ಅದು ಸರಿಯೆನಿಸದೆ ತಡೆದು, ಕೆಳಗಿನ ಒತ್ತನ್ನು ಕಂಡು, ತಾನೇ ತಿದ್ದಿಕೊಂಡದ್ದು ಯುಗಾದಿಯ ಹಿಂದುಮುಂದಿನಲ್ಲಿ. ಊರಿನ ಹೆಸರು ಕಿವಿಯಲ್ಲಿ ಮೊದಲೇ ಇದ್ದುದರಿಂದಲ್ಲವೆ ಕಣ್ಣಿನ ತಪ್ಪು ಗೊತ್ತಾದದ್ದು? ಅಂದು ತಂದೆ ಮನೆಗೆ ಬಂದು ಈ ಸುದ್ದಿಯನ್ನು ಮೊದಲು ಹೇಳಿದ್ದು ತಮ್ಮ ತಾಯಿಗೆ.

ಅಜ್ಜಿಯ ಕಣ್ಣಿನ ಮಂಜು ಬರಿಯ ನೆವವಾಗಿರಲಿಲ್ಲ. ಅಭಿಮಾನಕ್ಕೆ ಆಡಿದ ಮಾತಿನ ಹಿಂದೆ ನಿಜವಾದ ಪೊರೆಯೂ ಬೆಳೆಯುತ್ತಿದ್ದಿತು. ಆ ಬೇಸಿಗೆಯಲ್ಲಿ ಮೈಸೂರಿಗೆ ಕರೆದೊಯ್ದು ಶಸ್ತ್ರಚಿಕಿತ್ಸೆ ಮಾಡಿಸಿದರು. ಕೆಲವು ದಿನ ಓದಿ ಕಣ್ಣಿಗೆ ಆಯಾಸ ಮಾಡಿಕೊಳ್ಳಬೇಡಿ ಎಂದು ವೈದ್ಯರು ಹೇಳಿ ಕಳುಹಿಸಿದ್ದರು. ಎರಡು ವಾರದ ಧಾರಾವಾಹಿ ಬಾಕಿ ಬಿದ್ದಿತು. ಸೊಸೆ ಕೆಲಸ ಮುಗಿಸಿ ಓದುತ್ತೇನೆಂದರೆ ಅಜ್ಜಿ ತಡೆದರು.

"ಪುಟ್ಟಿ ಓದಲಿ," ಎಂದರು.

ಐದೂವರೆ ವರ್ಷದ ಹುಡುಗಿ ಪತ್ರಿಕೆಯನ್ನು ನೆಲದ ಮೇಲೆ ಹರಡಿ, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದಳು. ಒತ್ತಕ್ಷರ ಬಂದಲ್ಲಿ ಬಂಡಿ ಹಳ್ಳಕ್ಕೆ ಇಳಿದಂತೆ ನಿಲ್ಲುವಳು. ಅಜ್ಜಿ ಕಣ್ಣುಮುಚ್ಚಿ ಒರಗಿದ್ದವರು, ಕಥೆಯ ಓಟದಿಂದಲೇ ಪದವನ್ನು ಊಹಿಸಬಲ್ಲವರಾಗಿದ್ದರೂ, ಬಾಯಿ ಬಿಡಲಿಲ್ಲ. "ಕೆಳಗೆ ಯಾವ ಒತ್ತಿದೆ, ನೋಡು," ಎಂದಷ್ಟೇ ಹೇಳುವರು. ಹುಡುಗಿ ನೋಡಿ, ಹೇಳಿ, ಮುಂದೆ ಹೋಗುವಳು. ಒಂದು ಅಂಕಣ ಮುಗಿಯಲು ಮಧ್ಯಾಹ್ನವೆಲ್ಲ ಹಿಡಿಯಿತು. ನಾಯಕಿಯ ಮದುವೆ ನಿಂತಿತೋ ನಡೆಯಿತೋ ಎಂಬುದು ಆ ದಿನ ತಿಳಿಯಲೇ ಇಲ್ಲ. ಅಜ್ಜಿಗೂ ಅದರ ಅವಸರವಿದ್ದಂತೆ ಕಾಣಲಿಲ್ಲ.